ಬಾಗಿಲತನಕ ಬರುವ ಟಾಂಗಾ

ಹೋದ ತಿಂಗಳು ಕಣ್ಣು ತೋರಿಸಲೆಂದು ಧಾರವಾಡದಿಂದ ಹುಬ್ಬಳ್ಳಿಗೆ ಹೊರಟಿದ್ದೆ. ಹೊಸ ಬಸ್ ನಿಲ್ದಾಣದಲ್ಲಿ ಗಾಲಿಕುರ್ಚಿಯ ಮೇಲೆ ಕೂತ ಹುಡುಗಿಯೊಬ್ಬಳು ಯಾರ ಕೈಯನ್ನೂ ಹಿಡಿಯದೆ, ಯಾರನ್ನೂ ಕೂಗದೆ, ತಾನೇ ಗಾಲಿ ತಿರುಗಿಸಿಕೊಂಡು ಬಸ್ಸಿನೊಳಗೆ ಹೋಗಿಬಿಟ್ಟಳು. ಅಲ್ಲಿ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಸಮ. ಅವಳಿಗೆ ಅದು ದಿನದ ಮಾತು, ಆಗಲೇ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ನಾನು ಮಾತ್ರ ನೋಡುತ್ತ ನಿಂತುಬಿಟ್ಟೆ. ಬಾಗಿಲು ಮುಚ್ಚಿ ಬಸ್ಸು ಹೊರಟುಹೋಯಿತು. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಮುಂದಿನ ಬಸ್ಸಿಗೆ ಕಾಯುತ್ತ ಕೂತಾಗ, ನನಗೆ ಇಪ್ಪತ್ತನಾಲ್ಕು ತುಂಬಿದ ಆ ವರ್ಷದ ಮಳೆಗಾಲ ಹಾಗೇ ಕಣ್ಣ ಮುಂದೆ ಬಂತು.

ಆಗ ಹುಬ್ಬಳ್ಳಿ, ಧಾರವಾಡ ಎರಡೂ ಊರು ಒಂದೇ ಆಡಳಿತದ ಕೆಳಗೆ ಬಂದು ಬಹಳ ದಿನವಾಗಿರಲಿಲ್ಲ. ಮಂದಿ ಇನ್ನೂ ಮುನಸಿಪಾಲ್ಟಿ ಅಂತಲೇ ಅನ್ನುತ್ತಿದ್ದರು. ಅದರ ಧಾರವಾಡದ ಕಚೇರಿಯಲ್ಲಿ ನಾನು ಹೊಸ ಕ್ಲಾರ್ಕ್. ಊರು ಉಪ್ಪಿನಬೆಟಗೇರಿ. ಅಪ್ಪ ಅಲ್ಲಿ ಸಾಲಿ ಮಾಸ್ತರ. ನಮ್ಮ ಕೇರಿಯಲ್ಲಿ ಮೊದಲು ಓದಿದವನು ಅವನು, ಮೊದಲು ಬೌದ್ಧ ದೀಕ್ಷೆ ತೆಗೆದುಕೊಂಡವನೂ ಅವನೇ. ಅಂದೇ ನನ್ನ ದುರಗವ್ವ ಎಂಬ ಹೆಸರನ್ನು ತೆಗೆದು ಸುಜಾತಾ ಎಂದು ಇಟ್ಟ. ಹಾಲು ಕುಡಿಯುವ ವಯಸ್ಸಿನಲ್ಲಿ ಬಂದ ಜ್ವರಕ್ಕೆ ನನ್ನ ಎಡಗಾಲು ಸೊರಗಿಹೋಗಿತ್ತು. ಮೊಣಕಾಲ ಮೇಲೆ ಕೈ ಊರಿ ಊರಿಯೇ ನಡೆಯಬೇಕು. ಅದಕ್ಕೆ ಅಪ್ಪನ ಹತ್ತಿರ ಯಾವ ಮದ್ದೂ ಇರಲಿಲ್ಲ. "ಕಾಲಿನ ಕೆಲಸಾ ಬ್ಯಾಡ, ಕೈ ಕೆಲಸಾ ಹಿಡಿ" ಅಂತ ಹತ್ತಿರ ಕೂಡಿಸಿಕೊಂಡು ಓದಿಸಿದ, ಅಷ್ಟೇ.

ಧಾರವಾಡದ ಕೆಲಗೇರಿಯಲ್ಲಿ ಕೆರೆಗೆ ಹತ್ತಿರ ಒಂದು ಖೋಲಿ ಸಿಕ್ಕಿತು. ಮನೆಯೊಡತಿ ಕೆಟ್ಟವಳಲ್ಲ. ನಾವು ಯಾರೆಂದು ನಾನು ಮೊದಲೇ ಹೇಳಿದ್ದೆ. ಅದನ್ನು ಕೇಳಿ, "ಇರವಾ. ನೀರಷ್ಟ ಕೆರೀದು ತಂದುಕೋ. ಬಾವಿ ಕಡೆ ಬರಬ್ಯಾಡ, ನಮ್ಮ ಅತ್ತಿ ಹಳೇ ಕಾಲದಾಕಿ" ಅಂದಳು. ಬಾವಿ ಅಂಗಳದಲ್ಲೇ ಇತ್ತು. ನಾನು ಕೊಡ ಹಿಡಿದು ಕೆರೆಯ ದಂಡೆ ಹತ್ತಿ ಇಳಿಯುವುದನ್ನು ಅವಳು ಕಿಟಕಿಯಿಂದ ನೋಡುತ್ತಿದ್ದಳು. ಆಗ ಅವಳ ಮುಖ ಸಣ್ಣದಾಗುತ್ತಿತ್ತು. ಆದರೆ ಒಂದು ದಿನವೂ ಬಾವಿಗೆ ಬಾ ಅನ್ನಲಿಲ್ಲ. ಕಚೇರಿಯಲ್ಲೂ ಅಷ್ಟೇ. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಸುತ್ತ ಕೂತು ಒಬ್ಬರ ಪಲ್ಯ ಒಬ್ಬರಿಗೆ ಹಚ್ಚಿ ಉಣ್ಣುತ್ತಿದ್ದರು. ನನ್ನನ್ನು ಬೇಡ ಅಂದವರು ಯಾರೂ ಇಲ್ಲ, ಬಾ ಅಂದವರೂ ಇಲ್ಲ. ನಾನು ಕಿಟಕಿಯ ಹತ್ತಿರ, ಬೆನ್ನು ಅವರ ಕಡೆ ಮಾಡಿ ಉಣ್ಣುತ್ತಿದ್ದೆ. ರವಿವಾರ ಬಂತೆಂದರೆ ಮುಂಜಾನೆಯಿಂದ ಸಂಜೆಯವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಹಂಚಿನ ಮೇಲೆ ಮಳೆ ಬೀಳುವ ಸಪ್ಪಳ ಒಂದೇ ಜೊತೆ.

ಮೃಗಶಿರಾ ಮಳೆ ಹಿಡಿದ ಹೊತ್ತಿಗೆ ಒಂದು ದೇಣಿಗೆಯ ಸುದ್ದಿ ಬಂತು. ಕೊಟ್ಟವರು ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ಅಂದಾನೆಪ್ಪ ಸಾವಕಾರರು. ಅವರ ತಾಯಿಗೆ ಕೊನೆಗಾಲದಲ್ಲಿ ಕಾಲು ಬಿದ್ದುಹೋಗಿದ್ದವು. ಮನೆಯಲ್ಲಿ ಮೋಟಾರು ಇತ್ತು, ಎತ್ತಿ ಕೂಡಿಸಲು ಆಳುಗಳಿದ್ದರು. ಆದರೆ ದವಾಖಾನೆಗೆ ಹೋದಾಗಲೆಲ್ಲ ಆಕೆ ಹೊರಗೆ ಮಳೆಯಲ್ಲಿ ನೆನೆಯುತ್ತ ಕೂತ ಮುದುಕರನ್ನು, ಮಕ್ಕಳ ಬೆನ್ನ ಮೇಲೆ ಬರುವ ಕುಂಟರನ್ನು ನೋಡಿದ್ದರಂತೆ. ಸಾಯುವ ಮುಂಚೆ ಮಗನಿಗೆ ಹೇಳಿದ್ದು ಒಂದೇ ಮಾತು: "ನನ್ನ ಹೆಸರಲೆ ಗುಡಿ ಕಟ್ಟಿಸಬ್ಯಾಡ. ನಡ್ಯಾಕ ಆಗದವರಿಗೆ ಗಾಡಿ ಇಡಿಸು."

ಅದರಂತೆ ಮಗ ದೊಡ್ಡ ಮೊತ್ತವನ್ನು ತೆಗೆದಿಟ್ಟರು. ಅಂಗವಿಕಲರನ್ನು, ವಯಸ್ಸಾದವರನ್ನು ಟಾಂಗಾದಲ್ಲಿ ಬಸ್ಸಿನವರೆಗೆ ಒಯ್ಯಬೇಕು, ಊರಿಂದ ಊರಿಗೆ ಬಸ್ಸು, ಇಳಿದಲ್ಲಿ ಮತ್ತೆ ಟಾಂಗಾ. ಆದರೆ ಇದನ್ನು ನಡೆಸುವವರು ಯಾರು? "ಕೊಟ್ಟ ಕೈ ಮತ್ತ ಹಿಡೀಬಾರದು" ಎಂದು ಸಾವಕಾರರು ತಾವು ಒಲ್ಲೆನೆಂದರು. ಯಾರಿಗೆ ವಹಿಸಬೇಕೆಂದು ತೀರ್ಮಾನಿಸಲು ಒಂದು ಕಮಿಟಿ ಆಯಿತು. ಅದಕ್ಕೆ ಹಿರಿಯರು ನಿವೃತ್ತ ಮುನಸೀಫ ದೇಸಾಯರು. ಜೊತೆಗೆ ಸಾವಕಾರರ ಅಳಿಯ ಚನಬಸಪ್ಪ, ಬಸ್ಸಿನ ಡಿಪೋದ ಒಬ್ಬ ಅಧಿಕಾರಿ, ನಮ್ಮ ಕಚೇರಿಯ ಹೆಡ್ ಕ್ಲಾರ್ಕ್ ಕುಲಕರ್ಣಿಯವರು. ಕಮಿಟಿಯ ಬರವಣಿಗೆಗೆ ಒಬ್ಬರು ಬೇಕಾದಾಗ ಕುಲಕರ್ಣಿಯವರು ನನ್ನ ಟೇಬಲ್ಲಿಗೆ ಬಂದು, "ಸುಜಾತಾಬಾಯಿ, ಇದರ ತ್ರಾಸು ನಿಮಗ ಗೊತ್ತದ. ನೀವ ಬರ್ರಿ" ಅಂದರು. ಅದು ಮರ್ಯಾದೆಯೋ, ಕನಿಕರವೋ, ಯಾರೂ ಬೇಡದ ಕೆಲಸವನ್ನು ದಾಟಿಸುವ ಉಪಾಯವೋ, ನನಗೆ ತಿಳಿಯಲಿಲ್ಲ. ಹೋದೆ.

ಕಮಿಟಿ ಸೇರುತ್ತಿದ್ದುದು ಮಾಳಿಗೆಯ ಮೇಲೆ. ಕಟ್ಟಿಗೆಯ ಮೆಟ್ಟಿಲು ಹತ್ತಿ ನಾನು ತಲುಪುವ ಹೊತ್ತಿಗೆ ಚಹಾ ಮುಗಿದಿರುತ್ತಿತ್ತು.

"ನಮ್ಮ ಸಮಾಜದ ಸಂಘಾ ನಡಸ್ತೈತಿ" ಅಂದ ಚನಬಸಪ್ಪ ಮೊದಲನೆಯ ದಿನವೇ. ಒಳ್ಳೆಯ ಮೈಕಟ್ಟಿನ, ಜೋರು ದನಿಯ ಮನುಷ್ಯ. "ದಾನಾ ನಮ್ಮ ಮನಿತನದ್ದು. ಯಾರು ಖರೇ ಗರೀಬರು, ಯಾರು ಸೋಗು ಹಾಕ್ಯಾರ, ನಮಗ ತಿಳೀತೈತಿ."

ಡಿಪೋದವರು, "ನಮಗ ಕೊಡ್ರಿ, ಎಲ್ಲಾರ್ಗೂ ಪಾಸು ಮಾಡಿ ಕೊಡ್ತೇವಿ, ಮುಗೀತು" ಅಂದರು. ಬಸ್ಸಿನ ಮೊದಲ ಮೆಟ್ಟಿಲೇ ನನ್ನ ಮೊಣಕಾಲಿಗಿಂತ ಮೇಲಿರುವುದು ನನಗೆ ಗೊತ್ತಿತ್ತು. ಪಾಸು ಹಿಡಿದವರನ್ನು ಮೇಲೆ ಎತ್ತುವವರಾರು? ನಾನು ಕ್ಲಾರ್ಕ್, ಮಾತಾಡಲಿಲ್ಲ. ಕುಲಕರ್ಣಿಯವರಿಗೆ ಇದು ತಮ್ಮ ಕೊರಳಿಗೆ ಬೀಳದಿದ್ದರೆ ಸಾಕಾಗಿತ್ತು. "ನಮಗ ಇದ್ದ ಕೆಲಸನ ಹರಿಯೂದಿಲ್ರಿ" ಅನ್ನುತ್ತ ಅಡಿಕೆ ಕತ್ತರಿಸುತ್ತಿದ್ದರು.

ಹೀಗೆ ಎರಡು ಮೂರು ಸಲ ಕೂಡಿ ಎದ್ದ ಮೇಲೆ ದೇಸಾಯರು ಒಂದು ದಿನ ಕನ್ನಡಕ ತೆಗೆದು ಕೇಳಿದರು: "ಅಲ್ರಿ, ಗಾಡಿ ಹತ್ತೋ ಮಂದೀನ ಯಾರರ ಕೇಳೀರೇನು?"

ಯಾರೂ ಕೇಳಿರಲಿಲ್ಲ. ಅಂದಿನಿಂದ ಅದು ನನ್ನ ಕೆಲಸವಾಯಿತು. ವಾರಕ್ಕೆರಡು ದಿನ ಒಂದು ಬಾಡಿಗೆ ಟಾಂಗಾ ಕೊಟ್ಟರು. ಆರಿದ್ರಾ ಮಳೆಯಿಂದ ಹಿಡಿದು ನಾನು ಓಣಿ ಓಣಿ ತಿರುಗಿದೆ. ಟಾಂಗಾದ ಮುಂದಿನ ತಾಡಪತ್ರಿ ಇಳಿಬಿಟ್ಟರೂ ಮಳೆ ಒಳಗೆ ಹೊಡೆಯುತ್ತಿತ್ತು. ಕರಿ ಮಣ್ಣು ಗಾಲಿಗೆ ಅಂಟಿ ಕುದುರೆ ನಿಂತುಬಿಡುತ್ತಿತ್ತು. ಮನೆಮನೆಯ ಮೂಲೆಯಲ್ಲಿ ಇಷ್ಟು ಮಂದಿ ಕೂತಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಹೊರಗೆ ಬರದವರು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ. ಅವರಲ್ಲಿ ಹಲವರಿಗೆ ಮಾತು ಕಟ್ಟಿಹೋಗಿತ್ತು. "ನಿಮಗ ಎಲ್ಲಿಗೆ ಹೋಗೂದೈತ್ರಿ?" ಎಂದು ಕೇಳಿದರೆ, ಹಾಗೆ ಯಾರೂ ಕೇಳಿಯೇ ಇಲ್ಲದವರಂತೆ ನನ್ನ ಮುಖ ನೋಡುತ್ತಿದ್ದರು.

ಹುಬ್ಬಳ್ಳಿಗೆ ಹತ್ತಿದ ಉಣಕಲ್ಲಿನ ನೀಲವ್ವ ಮಾತ್ರ ಹಾಗಲ್ಲ. ಹತ್ತಿ ತುಂಬಿದ ಚಕ್ಕಡಿ ಉರುಳಿ ಟೊಂಕ ಮುರಿದುಕೊಂಡವಳು. ಎಲುಬು ಸರಿಯಾಗಿ ಕೂಡಿರಲಿಲ್ಲ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಹೊಲಕ್ಕೆ ಹೋದ ಮೇಲೆ ತಲಬಾಗಿಲಲ್ಲಿ ಕೂತು ಹಾದುಹೋಗುವವರನ್ನೆಲ್ಲ ಕರೆದು ಮಾತಾಡಿಸುತ್ತಿದ್ದಳು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ.

"ಯಾರ ಮಗಳಬೇ ನೀ?" ಅಂದಳು.

"ಉಪ್ಪಿನಬೆಟಗೇರಿ ಮಾಸ್ತರ ಮಗಳ್ರಿ."

ಮಾಸ್ತರ ಅಂದದ್ದೇ ಅವಳಿಗೆ ಸಾಕಾಯಿತು. ಮುಂದೆ ಕೇಳಲಿಲ್ಲ. ಪಕ್ಕದ ಗಡಿಗೆಯಿಂದ ಗಿಂಡಿಗೆ ಮಜ್ಜಿಗೆ ಹೊಯ್ದು ಕೊಟ್ಟಳು. ಧಾರವಾಡಕ್ಕೆ ಬಂದ ಮೇಲೆ ಒಬ್ಬರ ಮನೆಯ ಪಾತ್ರೆಗೆ ನನ್ನ ಬಾಯಿ ತಾಗಿದ್ದು ಅದೇ ಮೊದಲು.

ಗಾಡಿಯ ಸಂಗತಿ ಹೇಳಿದೆ. ಅವಳು ಕೈ ಎತ್ತಿ ತಡೆದಳು. "ದವಾಖಾನಿಗೆ ಹೋಗೂದಿದ್ರ ಅಷ್ಟ ಗಾಡಿ, ಹೌದಿಲ್ಲೊ?"

"ಹೌದ್ರಿ."

"ನನಗ ದವಾಖಾನಿ ಬ್ಯಾಡ. ಮುರದ ಟೊಂಕಕ್ಕ ಅವರೇನ್ ಮಾಡ್ಯಾರು? ನನಗ ನಮ್ಮ ತಂಗಿ ಮನಿಗೆ ಹೋಗೂದೈತಿ. ಕೆಲಗೇರ್ಯಾಗ ಇರತಾಳ, ಗಂಗವ್ವ ಅಂತ. ಆಕಿಗೆ ಕಣ್ಣ ಕಾಣಂಗಿಲ್ಲ, ನನಗ ನಡ್ಯಾಕ ಬರಂಗಿಲ್ಲ. ಆಕಿ ಬರಂಗಿಲ್ಲ, ನಾ ಹೋಗಂಗಿಲ್ಲ. ಮಾರಿ ನೋಡಿ ಎಷ್ಟ ವರ್ಷಾತೋ."

"ಅದಕ್ಕ ಕೊಡ್ತಾರೋ ಇಲ್ಲೊ ಗೊತ್ತಿಲ್ರಿ."

"ಯಾಕ? ರೋಗಾ ಬಂದ್ರ ಅಷ್ಟ ನಾ ಮನಶ್ಯಾಳೇನು?"

ಗಂಗವ್ವ ನನಗೆ ಗೊತ್ತಿದ್ದಳು. ನನ್ನ ಖೋಲಿಯಿಂದ ಮೂರು ಮನೆಯಾಚೆ, ಗೋಡೆ ಹಿಡಿದು ಹಿಡಿದು ಅಂಗಳಕ್ಕೆ ಬರುವ ಮುದುಕಿ. ಅಂದು ಸಂಜೆ ಹೋಗಿ ಅಂಗಳದಲ್ಲೇ ನಿಂತು, ಅಕ್ಕ ಹೀಗೆ ನೆನೆಸಿದಳೆಂದು ಹೇಳಿದೆ. ಮುದುಕಿ ದನಿ ಬಂದ ಕಡೆ ಮುಖ ತಿರುಗಿಸಿ, "ದಪ್ಪ ಆಗ್ಯಾಳೇನು? ಇನ್ನೂ ಬಾಯಿ ಮಾಡ್ತಾಳೇನು?" ಅಂತ ಕೇಳಿದಳು. ಮಾಡುತ್ತಾಳೆ ಅಂದೆ. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಪುಷ್ಯ ಮಳೆ, ಆಶ್ಲೇಷಾ ಮಳೆ ಕಳೆಯುವವರೆಗೂ ಅಕ್ಕತಂಗಿಯರ ನಡುವೆ ಮಾತು ಒಯ್ಯುವವಳು ನಾನಾದೆ. "ಎಮ್ಮಿ ಈದೈತಿ ಅಂತ ಹೇಳು." "ಅದರ ಗಿಣ್ಣ ನಾ ಇಲ್ಲದ ಹ್ಯಾಂಗ ಇಳೀತಂತ ಕೇಳು." "ಅವ್ವನ ಸೀರಿ ನನ್ನ ಕಡೇನ ಐತಿ ಅಂತ ಹೇಳು, ಇಲಿ ತಿಂದಿಲ್ಲ." ಉಣಕಲ್ಲಿಗೆ ಹೋಗುವ ದಿನ ಮುಂಜಾನೆ ನನಗೆ ಎಚ್ಚರ ಬೇಗ ಆಗುತ್ತಿತ್ತು. ಅವರ ಮಾತುಗಳನ್ನು ಮರೆಯದಂತೆ ಟಾಂಗಾದಲ್ಲಿ ಮನಸ್ಸಿನೊಳಗೇ ಹೇಳಿಕೊಳ್ಳುತ್ತಿದ್ದೆ. ನನಗಾಗಿ ಹೇಳಿದ ಮಾತು ಅವುಗಳಲ್ಲಿ ಒಂದೂ ಇರುತ್ತಿರಲಿಲ್ಲ. ಆದರೂ ಆ ವರ್ಷ ನನ್ನ ಬಾಯಿಂದ ಹೊರಟ ಪ್ರೀತಿಯ ಮಾತೆಂದರೆ ಅವೇ.

ಉತ್ತರಿ ಮಳೆಯ ಹೊತ್ತಿಗೆ ಕಮಿಟಿ ಕಡೆಯ ಸಲ ಕೂಡಿತು. ನಾನು ದೇಸಾಯರನ್ನು ಕೇಳಿ ನೀಲವ್ವನನ್ನು ಕರೆಸಿದ್ದೆ. ಅಂದು ಸಾವಕಾರರೂ ಬಂದಿದ್ದರು. ಟಾಂಗಾ ಬಾಗಿಲಿಗೆ ಬಂದು ನಿಂತಿತು. ಮೆಟ್ಟಿಲು ನೋಡಿ ನೀಲವ್ವ ಮೇಲೆ ಮುಖ ಎತ್ತಿದಳು. ಚನಬಸಪ್ಪ ಮಾಳಿಗೆಯ ಕಿಟಕಿಯಿಂದ ಬಗ್ಗಿ, "ಕುರ್ಚಿ ಮ್ಯಾಲ ಕೂಡಿಸಿ ಹೊತ್ತು ತರ್ರಿ" ಅಂತ ಜವಾನರಿಗೆ ಕೂಗಿದ.

"ನಾ ಏನ್ ಪಾಲಕಿ ದೇವರೇನೋ ತಮ್ಮಾ?" ಅಂದಳು ನೀಲವ್ವ. "ನಿಮಗೆಲ್ಲಾ ಕಾಲ ಅದಾವಲ್ಲ, ನೀವ ಇಳದ ಬರ್ರಿ."

ಮೊದಲು ಇಳಿದವರು ಸಾವಕಾರರು. ಹಿಂದೆ ಉಳಿದವರು. ಕಚೇರಿಯ ಪಡಸಾಲೆಯಲ್ಲಿ ಕುರ್ಚಿ ಹಾಕಿದರು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು, ಎಲ್ಲರೂ ದನಿ ಎತ್ತಿ ಮಾತಾಡಬೇಕಾಯಿತು.

ನೀಲವ್ವ ತಂಗಿಯ ಮಾತು ತೆಗೆದಳು. ಚನಬಸಪ್ಪ ನಕ್ಕುಬಿಟ್ಟ. "ತಂಗಿ ಮನಿಗೆ ಊಟಕ್ಕ ಹೋಗಾಕ ಧರ್ಮದ ರೊಕ್ಕ ಏನಬೇ ಯವ್ವಾ? ಇವತ್ತ ತಂಗಿ, ನಾಳೆ ಸಂತಿ, ನಾಡದ ನಾಟಕ. ಇದಕ್ಕ ನಾ ಹೇಳೂದು, ನಮ್ಮ ಸಂಘಕ್ಕ ಬಿಡ್ರಿ. ಎಲ್ಲಾರ್ನೂ ನೋಡಿ ಕೊಡ್ತೇವಿ."

"ಎಲ್ಲಾರ್ನೂ ಅಂದ್ರ?" ದೇಸಾಯರು ಕೇಳಿದರು.

"ಎಲ್ಲಾರೂ ಅಂದ್ರ ಎಲ್ಲಾರೂರಿ."

ನನ್ನ ಬಾಯಿ ಹೇಗೆ ತೆರೆಯಿತೋ ಗೊತ್ತಿಲ್ಲ. "ನಮ್ಮ ಕೇರಿಗೂ ಟಾಂಗಾ ಬರತೈತೇನ್ರಿ?" ಅಂದೆ.

ಚನಬಸಪ್ಪ ನನ್ನ ಕಡೆ ತಿರುಗಿದ. ಸಿಟ್ಟಿನಿಂದಲ್ಲ, ಮಗುವಿಗೆ ಹೇಳುವಂತೆ ಹೇಳಿದ: "ಬರತೈತಿ, ಯಾಕ ಬರಂಗಿಲ್ಲ? ಕೇರಿ ಬಾಯಾಗ ನಿಲ್ಲತೈತಿ. ಅಲ್ಲಿತನಾ ನಡಕೊಂತ ಬಂದ್ರಾತು."

"ಅಲ್ಲಿತನಾ ನಡ್ಯಾಕ ಬರ್ತಿದ್ರ ಟಾಂಗಾ ಯಾಕ ಬೇಕಿತ್ರಿ?"

ಕುಲಕರ್ಣಿಯವರ ಕೈಯಲ್ಲಿ ಅಡಕೊತ್ತು ಹಾಗೇ ನಿಂತಿತ್ತು. ನನ್ನ ನೌಕರಿ ಹೋಯಿತು ಅಂದುಕೊಂಡೆ.

ಸಾವಕಾರರು ತಲೆಯ ಪಟಗಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ನಮ್ಮ ಅವ್ವ ಗಾಡಿ ಇಡಿಸು ಅಂದಾಗ ಕೇರಿ ಬಾಯಿತನಾ ಅಂದಿರಲಿಲ್ಲ" ಅಂದರು. "ಸಂಘ ಬ್ಯಾಡ. ನನ್ನ ಮನಿತನಾನೂ ಬ್ಯಾಡ. ಮುನಸಿಪಾಲ್ಟಿ ನಡಸ್ಲಿ. ಟಾಂಗಾ ಬಾಗಿಲಿಗೆ ಹೋಗಬೇಕು, ಯಾರ ಬಾಗಿಲಾದ್ರೂ. ಬಸ್ಸಿನವರು ಎತ್ತಿ ಹತ್ತಿಸಬೇಕು. ಅಷ್ಟ ನನ್ನ ಮಾತು."

ಚನಬಸಪ್ಪ ಎದ್ದು ಮಳೆಯಲ್ಲೇ ಹೊರಟ. ಹಾಗೆ ಅದು ತೀರ್ಮಾನವಾಯಿತು. ಆದರೆ ಪೂರ್ತಿ ಅಲ್ಲ. ನೀಲವ್ವನ ಮಾತಿಗೆ ದೇಸಾಯರು, "ಮೊದಲು ದವಾಖಾನಿಗಷ್ಟ ಇರ್ಲಿ. ಎಲ್ಲಾ ಒಮ್ಮೆಲೆ ಬಿಟ್ಟರ ಇದು ನಿಂತ ಹೋಗ್ತದ" ಅಂದರು. ನನ್ನ ಕಡೆ ನೋಡಿ ಮೆಲ್ಲಗೆ, "ಒಂದೇ ದಿನ ಎರಡೂ ಸಿಗೂದಿಲ್ಲವಾ" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು, ನೀಲವ್ವನಿಗೆ ಬೇಕಾದದ್ದು ಸಿಕ್ಕಿರಲಿಲ್ಲ.

ಅವಳನ್ನು ಟಾಂಗಾಕ್ಕೆ ಹತ್ತಿಸುವಾಗ ಇಳಿಯುವಾಗ ಕೊಟ್ಟಂತೆ ನನ್ನ ಹೆಗಲಿಗೆ ಕೈ ಕೊಡಲಿಲ್ಲ. ಜವಾನನ ಕೈ ಹಿಡಿದು ಹತ್ತಿದಳು. ನಾನು ಹಿಂದೆ ಕೂತೆ. ದಾರಿಯುದ್ದಕ್ಕೂ ಮಾತಿಲ್ಲ. ಮನೆ ಬಂದಾಗ ನಾನೇ ಕೇಳಿದೆ, "ಗಂಗವ್ವಾರಿಗೆ ಏನರ ಹೇಳೂದೈತೇನ್ರಿ?"

"ಏನಿಲ್ಲ" ಅಂದಳು.

ಆ ಸಿಟ್ಟು ಯಾವುದಕ್ಕೆ? ತಂಗಿಯ ಮಾತು ಬಿದ್ದುಹೋದದ್ದಕ್ಕೋ, 'ನಮ್ಮ ಕೇರಿ' ಎಂದು ನಾನು ಆಡಿದ ಮಾತಿಗೋ? ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಮನೆಯೊಡತಿ ಬಾವಿಗೆ ಬರಬೇಡವೆಂದು ಮೊದಲೇ ಹೇಳಿದ್ದಳು, ಅದು ನಿಚ್ಚಳವಿತ್ತು. ಇದು ಹಾಗಲ್ಲ. ಮಜ್ಜಿಗೆಯ ಆ ಗಿಂಡಿಯನ್ನು ಅವಳು ಈಗ ಬೂದಿ ಹಚ್ಚಿ ತಿಕ್ಕುತ್ತಿರಬಹುದೇ ಎಂಬ ಯೋಚನೆ ಬಂದು, ಕೆರೆಯ ದಂಡೆಯ ಮೇಲೆ ಕೊಡ ಇಟ್ಟು ಎಷ್ಟೋ ಹೊತ್ತು ಕೂತಿರುತ್ತಿದ್ದೆ. ಮಳೆ ಹಿಂದಾಗಿತ್ತು. ಕೆರೆ ತುಂಬಿ, ನೀರು ಮೇಲಿನ ಮೆಟ್ಟಿಲಿಗೇ ಬಂದಿತ್ತು. ಗಂಗವ್ವನ ಅಂಗಳದ ಮುಂದೆ ಹಾದುಹೋಗುವುದನ್ನು ಬಿಟ್ಟು ಸುತ್ತಿನ ದಾರಿ ಹಿಡಿದೆ. ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲವಲ್ಲ.

ದೀಪಾವಳಿ ಮುಗಿದ ಮೇಲೆ ಟಾಂಗಾಗಳು ಓಡತೊಡಗಿದವು. ನಮ್ಮ ಕೇರಿಯಂಥ ಎಷ್ಟೋ ಕೇರಿಗಳ ಒಳಗೆ ಕುದುರೆಯ ಗೆಜ್ಜೆ ಮೊದಲ ಸಲ ಕೇಳಿತು. ನೋಡಲು ಮಂದಿ ಸೇರುತ್ತಿದ್ದರು. ಕುಲಕರ್ಣಿಯವರು ಬೈದುಕೊಳ್ಳುತ್ತಲೇ ಎಲ್ಲವನ್ನೂ ನೆಟ್ಟಗೆ ನಡೆಸಿದರು. ನನ್ನನ್ನು ಬೇರೆ ವಿಭಾಗಕ್ಕೆ ಹಾಕಿದ್ದರು. ನಾನು ಮತ್ತೆ ಕಿಟಕಿಯ ಹತ್ತಿರ ಕೂತು ಉಣ್ಣತೊಡಗಿದೆ. ಮುಂದಿನ ಬ್ಯಾಸಿಗೆಯಲ್ಲಿ ನನಗೆ ಬೇರೆ ಊರಿಗೆ ವರ್ಗವಾಯಿತು, ಎಷ್ಟೋ ವರ್ಷ ಎಲ್ಲೆಲ್ಲೋ ಇದ್ದು ಬಂದೆ. ಆದರೆ ಆ ವರ್ಷ ಎಂದರೆ ನನಗೆ ಚಳಿಗಾಲದ ಒಂದು ಮುಂಜಾನೆಯೇ ಹೆಚ್ಚು ನೆನಪು.

ಅಂದು ಕುಲಕರ್ಣಿಯವರು ಕರೆದು ಹೇಳಿದರು: "ಧಾರವಾಡದ ದವಾಖಾನಿ ಡಾಕ್ಟರು ಹೇಳಿಕಳಿಸ್ಯಾರ. ನಮ್ಮ ಟಾಂಗಾದಾಗ ಬರೋ ಮುದುಕರು ವರಾಂಡದ ಬಾಕಿನ ತುಂಬ ಕೂಡ್ತಾರಂತ, ಆದ್ರ ಯಾರೂ ಒಳಗ ಬಂದು ತೋರಿಸೂದಿಲ್ಲಂತ. ಏನದ ನೋಡಿ ಬರ್ರಿ."

ಹೋದೆ. ದವಾಖಾನೆಯ ಉದ್ದನೆಯ ವರಾಂಡದಲ್ಲಿ ಎಳೆಬಿಸಿಲು ಬಿದ್ದಿತ್ತು. ಕಟ್ಟಿಗೆಯ ಬಾಕಿನ ಮೇಲೆ, ಕಟ್ಟೆಯ ಮೇಲೆ, ನೆಲದ ಮೇಲೆ, ಎಲ್ಲೆಲ್ಲೂ ನಾನು ಮಳೆಯಲ್ಲಿ ಮನೆಮನೆ ಹುಡುಕಿ ಮಾತಾಡಿಸಿದ್ದ ಮುಖಗಳು. ಅಂದು ಮಾತು ಕಟ್ಟಿಹೋದವರೆಲ್ಲ ಇಂದು ಗದ್ದಲ ಹಾಕುತ್ತಿದ್ದರು. ಒಬ್ಬ ಮುದುಕ ಇನ್ನೊಬ್ಬನ ಕಿವಿಯಲ್ಲಿ ಕೂಗಿ ಬೀಗರ ಸುದ್ದಿ ಹೇಳುತ್ತಿದ್ದ. ಇಬ್ಬರು ಎಲೆಯಡಿಕೆ ಹಂಚಿಕೊಳ್ಳುತ್ತಿದ್ದರು. ತುದಿಯ ಬಾಕಿನ ಮೇಲೆ ನೀಲವ್ವ, ಅವಳಿಗೆ ಅಂಟಿಕೊಂಡು ಗಂಗವ್ವ. ತಂಗಿಯ ಬೆರಳು ಅಕ್ಕನ ಮುಖದ ಮೇಲೆ, ಹುಬ್ಬಿನಿಂದ ಗದ್ದಕ್ಕೆ ಮೆಲ್ಲಗೆ ಆಡುತ್ತಿತ್ತು.

ನಾನು ಕಂಬದ ಹತ್ತಿರವೇ ನಿಂತೆ. ನೀಲವ್ವ ನನ್ನನ್ನು ಕಂಡಳು. ಸ್ವಲ್ಪ ಹೊತ್ತು ನೋಡಿದಳು.

"ಉಣಕಲ್ಲಿಗೆ ಹುಬ್ಬಳ್ಳಿ ದವಾಖಾನಿ ಸಮೀಪ ಅಲ್ರಿ?" ಅಂದೆ, ಬೇರೆ ಏನೂ ತೋಚದೆ.

"ನನಗ ಧಾರವಾಡದ ಡಾಕ್ಟರ ಕೈಗುಣಾನ ಛಲೋ ಹತ್ತತೈತಿ" ಅಂದಳು.

ಗಂಗವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ಅಕ್ಕಾ, ಅದು ಆ ಮಾತ ಒಯ್ಯೋ ಹುಡುಗಿ ದನಿ ಅಲ್ಲೇನು?"

"ಹೂಂ, ಆಕಿನ" ಅಂದಳು ನೀಲವ್ವ. ಎರಡೂ ಕೈ ಬಾಕಿಗೆ ಊರಿ, ಮುರಿದ ಟೊಂಕವನ್ನು ಕಷ್ಟಪಟ್ಟು ಎತ್ತಿ ತಂಗಿಯ ಕಡೆ ಸರಿದಳು. ತನ್ನ ಪಕ್ಕದಲ್ಲಿ ಆದ ಜಾಗದ ಮೇಲೆ ಅಂಗೈ ಬಡಿದು, "ಎಷ್ಟೊತ್ತ ಒಂಟಿಕಾಲ ಮ್ಯಾಲ ನಿಂದರ್ತಿ? ಬಾ, ಕುಂದರು" ಅಂದಳು.

ಕೂತೆ. ಅವಳು ತೊಡೆಯ ಮೇಲಿನ ಗಂಟು ಬಿಚ್ಚಿ ರೊಟ್ಟಿ ಮುರಿದಳು. ಶೇಂಗಾ ಹಿಂಡಿ ಸವರಿ ಒಂದು ತುಣುಕು ತಂಗಿಗೆ, ಒಂದು ನನಗೆ ಕೊಟ್ಟು ಉಳಿದದ್ದನ್ನು ತಾನು ಬಾಯಿಗೆ ಇಟ್ಟುಕೊಂಡಳು. ಮಳೆಗಾಲದ ಆ ದಿನದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ತಲೆ ಬಗ್ಗಿಸಿ ರೊಟ್ಟಿ ಅಗಿಯುತ್ತ ಕೂತೆ.

ಒಳಗಿನಿಂದ ಕಂಪೌಂಡರ ಹೊರಗೆ ಬಂದ. ಸಾಲಾಗಿ ಕೂತ ಮಂದಿಯನ್ನೆಲ್ಲ ಒಮ್ಮೆ ನೋಡಿ ಕೂಗಿದ: "ಡಾಕ್ಟರು ಖಾಲಿ ಕೂತಾರ. ಇಲ್ಲಿ ಯಾರಿಗರ ತೋರಿಸೂದೈತೇನ್ರೀ?"

ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ.